ಬಾಯಿ ಬಿಟ್ಟು ಕೇಳಿದರೆ ರಜೆ

ಸರ್ಕಾರದ ಮೇಲೆ ಗಿರಿರಾಜನಿಗೆ ಹಿಂದೆಂದೂ ಇಷ್ಟು ಸಿಟ್ಟು ಬಂದಿರಲಿಲ್ಲ. ಹೆಣ್ಣಾಳುಗಳಿಗೆ ತಿಂಗಳಿಗೊಂದು ದಿನ ಸಂಬಳ ಸಮೇತ ಮುಟ್ಟಿನ ರಜೆ ಕೊಡಬೇಕಂತೆ! ಡಾಕ್ಟರ ಚೀಟಿಯನ್ನೂ ಕೇಳಬಾರದಂತೆ! ಕಾಮಾಕ್ಷಿಪಾಳ್ಯದ ಅವನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಕೂತವರೆಲ್ಲ ಹೆಂಗಸರೇ. "ಇನ್ಮೇಲೆ ನಾನೇ ಕೂತ್ಕೊಂಡು ಕಾಜಾ ಹೊಲೀಬೇಕು ಕಣೋ" ಎಂದು ಕಟಿಂಗ್ ಮಾಸ್ಟರ್ ನಾಣಿಯ ಮುಂದೆ ಗೋಳಾಡಿದ.

ಕೊಡಲು ಮನಸ್ಸಿಲ್ಲ, ಕೊಡದಿದ್ದರೆ ಉಳಿಗಾಲವಿಲ್ಲ. ಶಾಲಾ ಸಮವಸ್ತ್ರದ ದೊಡ್ಡ ಆರ್ಡರ್ ಕೊಡಲಿದ್ದ ಕಂಪನಿ, ಹೊಸ ಕಾನೂನು ಪಾಲಿಸುತ್ತೀರೋ ಇಲ್ಲವೋ ನೋಡಲು ಆಡಿಟರನ್ನು ಕಳಿಸುತ್ತೇವೆ ಎಂದಿತ್ತು. ಅದು ಸಿಕ್ಕರೆ ಈ ತಗಡಿನ ಶೆಡ್ಡಿಗೆ ಕೈಮುಗಿದು ಕೆಂಗೇರಿಯಲ್ಲಿ ಸ್ವಂತ ಕಟ್ಟಡ. ತಪ್ಪಿದರೆ ಶೆಡ್ಡಿಗೂ ಬೀಗ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಉಪಾಯ ಬಚ್ಚಲಲ್ಲಿ ಹೊಳೆಯಿತು. ಕೇಳಿದವರಿಗೆ ಇಲ್ಲವೆಂದರೆ ತಾನೇ ತಪ್ಪು? ಯಾರೂ ಕೇಳದೇ ಹೋದರೆ? ಅಂದೇ ಹೆಂಗಸರದೊಂದು ವಾಟ್ಸಾಪ್ ಗ್ರೂಪು ಮಾಡಿ, ಅದಕ್ಕೆ ನಾಣಿ, ಇಸ್ತ್ರಿಯ ಯಲ್ಲಪ್ಪ, ವಾಚ್‌ಮನ್, ಇದ್ದಬದ್ದ ಗಂಡಸರನ್ನೆಲ್ಲ ಸೇರಿಸಿದ. ರಜೆ ಬೇಕಾದವರು ಬೆಳಗ್ಗೆ ಅದರಲ್ಲೇ ವಾಯ್ಸ್ ಮೆಸೇಜಿನಲ್ಲಿ ಕಾರಣ ಹೇಳಲಿ, ಹೇಳಿದರೆ ರಜೆ ಖಂಡಿತ ಎಂದು ಸಾರಿದ. ಅಷ್ಟು ಗಂಡಸರ ಕಿವಿಗೆ ಬೀಳುವಂತೆ ಯಾವ ಹೆಂಗಸು ಬಾಯಿಬಿಟ್ಟಾಳು? ಕಾನೂನು ಕೊಟ್ಟಿದ್ದನ್ನು ನಾಚಿಕೆಯೇ ಕಿತ್ತುಕೊಳ್ಳುತ್ತದೆ, ತನ್ನ ಕೈಗೆ ಮಸಿಯಿಲ್ಲ. ತನ್ನ ಬುದ್ಧಿಗೆ ತಾನೇ ಮೆಚ್ಚಿ ಅಂದು ಒಂದು ಹೋಳಿಗೆ ಹೆಚ್ಚಿಗೇ ತಿಂದ.

ತಿಂಗಳುಗಳು ಉರುಳಿದರೂ ಮುಟ್ಟು ಎಂಬ ಮಾತು ಗ್ರೂಪಿನಲ್ಲಿ ಬರಲಿಲ್ಲ. ಹೆಂಗಸರು ಹೊಟ್ಟೆ ಹಿಡಿದುಕೊಂಡು ಹೊಲಿದರು. ಭಾಗವ್ವ ಒಮ್ಮೆ ಮಷೀನಿನ ಮೇಲೇ ತಲೆಯಿಟ್ಟು ಒರಗಿಬಿಟ್ಟಳು. ಗಿರಿರಾಜನಿಗೂ ಅಯ್ಯೋ ಅನ್ನಿಸಿ ಟೀ ತರಿಸಿಕೊಟ್ಟ.

ಕೊನೆಗೊಂದು ದಿನ ಬಂದ ಆಡಿಟರ್ ಸೌಮ್ಯಶ್ರೀ ನಾಗರಬಾವಿಯಲ್ಲಿ ಲಾ ಓದಿದ ಹುಡುಗಿ.

"ಕೇಳಿದ್ರೆ ಇಲ್ಲ ಅನ್ನೋ ಮಾತೇ ಇಲ್ಲ ಮೇಡಂ. ಒಬ್ರಾದ್ರೂ ಕೇಳಿದಾರಾ, ನೀವೇ ನೋಡಿ" ಎಂದು ಗಿರಿರಾಜ ಫೋನನ್ನೇ ಅವಳ ಕೈಗಿಟ್ಟ.

ಅವಳು ವಾಯ್ಸ್ ಮೆಸೇಜುಗಳನ್ನು ಕಿವಿಗಿಟ್ಟು ಕೇಳಿದಳು. ಹುಬ್ಬು ಗಂಟಾಯಿತು. "ನಿಮ್ಮನೇಲಿ ಹೆಂಗಸ್ರು ಹೊರಗೆ ಕೂರಲ್ವಾ ಸಾರ್?"

"ಹೊರಗ್ಯಾಕೆ ಕೂರ್ತಾರೆ ಮೇಡಂ? ಒಳಗೇ ಸೋಫಾ ಇದೆಯಲ್ಲ."

"ಹೊರಗಡೆ ಅಂದ್ರೆ ಮುಟ್ಟು ಸಾರ್. ಎಲ್ರೂ ಕೇಳಿದಾರೆ. ಎಲ್ರಿಗೂ ನೀವೇ ಇಲ್ಲ ಅಂದಿದೀರ."

ಪಾಪ, ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ನಂಬಿದ ಮನೆ ಅದು. ತಾಯಿ ನೀಲಗಂಗಮ್ಮ ತಿಂಗಳಿಡೀ ಪೂಜೆ ಮಾಡಿ, ಅಡುಗೆ ಮಾಡಿ ಬಡಿಸಿದವಳು. ಹೊರಗಾಗುವ ಮಾತೇ ಅಲ್ಲಿ ಹುಟ್ಟಿರಲಿಲ್ಲ. ತಡವಾಗಿ ಬಂದವರು ಗೇಟಿನಾಚೆ ನಿಂತು ಹಾಗೆ ಹೇಳುತ್ತಿದ್ದಾರೆ ಎಂದೇ ಅವನು ತಿಳಿದಿದ್ದ. ನಾಣಿಗೆ ಅರ್ಥವಾಗಿತ್ತು, ಆದರೆ ಗಂಡಸು ಬಾಯಿಬಿಟ್ಟು ಹೇಳುವ ಮಾತೇ ಅದು ಎಂದು ನಾಚಿ ಸುಮ್ಮನಿದ್ದ. ಸೌಮ್ಯಶ್ರೀ ಫೋನಿನ ದನಿ ಜೋರು ಮಾಡಿದಳು. "ಸಾಹೇಬ್ರ, ನಾ ಇವತ್ತ ಹೊರಗದೀನ್ರಿ" ಎಂದಿತು ಭಾಗವ್ವನ ಸಣ್ಣ ದನಿ. ಅದರ ಹಿಂದೆಯೇ, ಮಷೀನುಗಳೆಲ್ಲ ನಿಂತ ಶೆಡ್ಡಿನ ತುಂಬ, ಗಿರಿರಾಜನ ದನಿ: "ಹೊರಗಡೆ ಏನಮ್ಮ ಕೆಲ್ಸ ನಿಂಗೆ? ಸುಮ್ನೆ ಒಳಗ್ ಬಂದು ಹೊಲಿ!"