ಮುಖವಾಡದ ಒಳಮೈ

"ಮಕ್ಕಳ ಥರ ಬಣ್ಣ ಬಳಿಯೋಕೆ ಬಂದಿಲ್ಲ ಮೇಡಂ ನಾನು," ಎಂದು ಮೊದಲ ದಿನವೇ ಮುಖ ಗಂಟಿಕ್ಕಿದ್ದ ಅವನು.

"ಮಕ್ಕಳ ಥರ ಬಳಿದಿದ್ರೆ ಪರವಾಗಿರ್ಲಿಲ್ಲ. ನೀವು ಗೋಡೆಗೆ ಸುಣ್ಣ ಹೊಡೀತಿದ್ದೀರಿ," ಅಂದಳು ಚಿತ್ರದ ಟೀಚರ್. ತುಟಿ ಬಿಗಿದುಕೊಂಡಿದ್ದಳು, ಕಣ್ಣು ಮಾತ್ರ ನಗುತ್ತಿತ್ತು.

ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವನು, ಅಪಘಾತವಾಗಿ ಮನೆಗೆ ಬಂದ ಮೇಲೆ ನಿದ್ದೆಗೆಟ್ಟು ಕೂತಿದ್ದ. ಆಸ್ಪತ್ರೆಯವರು ಈ ಕ್ಲಾಸಿಗೆ ಅಟ್ಟಿದ್ದರು. ಇಲ್ಲಿ ಮಾಜಿ ಸೈನಿಕರೆಲ್ಲ ಕಾಗದದ ಮುಖವಾಡ ಮಾಡಬೇಕು. ಹೊರಮೈಗೆ ಜನ ನೋಡುವ ಮುಖ, ಒಳಮೈಗೆ ಬಾಯಿಬಿಟ್ಟು ಹೇಳಲಾಗದ್ದು. ಒಳಮೈ ನೋಡುವವರು ಬರೆದವನು ಮತ್ತು ಟೀಚರ್, ಇಬ್ಬರೇ. ಹಾಗೆಂದು ಮಾತು ಕೊಟ್ಟವಳೇ ಅವಳು.

ಅದನ್ನು ನಂಬಿ ಅವನು ಬರೆದ. ಲಾರಿಯಲ್ಲಿ ತನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದ ಅಕ್ಕನ ಗಂಡ, ಅವನೂ ಸೈನಿಕನೇ; ಸ್ಟಿಯರಿಂಗ್ ಮೇಲೆ ತನ್ನ ಎರಡೂ ಕೈ, ಸೊಟ್ಟ ಕಿರುಬೆರಳೂ ಸೇರಿ. ಆ ಅಪಘಾತದಲ್ಲಿ ಭಾವ ಸತ್ತ ದಿನ ಲಾರಿ ಓಡಿಸುತ್ತಿದ್ದದ್ದು ಭಾವನೇ ಎಂದು ಅಕ್ಕನಿಗೆ ಸುಳ್ಳು ಹೇಳಿದ್ದ. ನಿಜ ಇದ್ದದ್ದು ಇಲ್ಲೊಂದೇ ಕಡೆ. ಟೀಚರ್ ನೋಡಿದಳು. ಅವನ ಕೆನ್ನೆಗೆ ಹತ್ತಿದ್ದ ನೀಲಿಯನ್ನು ಬೆರಳಿಂದ ಒರೆಸಿದಳು. ಅಷ್ಟಕ್ಕೇ ಆಸಾಮಿ ಮನಸೋತ.

ಪ್ರದರ್ಶನದ ದಿನ ಇಸ್ತ್ರಿ ಅಂಗಿ ತೊಟ್ಟು ಅಕ್ಕನನ್ನೂ ಕರೆತಂದ.

"ಏನೋ ಇಷ್ಟೊಂದು ಸೆಂಟು? ಮುಖವಾಡ ನೋಡೋಕೋ, ಟೀಚರಮ್ಮನ್ನ ನೋಡೋಕೋ?"

"ಸುಮ್ನಿರಕ್ಕ!"

ಹಾಲ್‌ನಲ್ಲಿ ಎಲ್ಲರ ಮುಖವಾಡವೂ ಹೊರಮೈ ತೋರಿಸುತ್ತಿತ್ತು. ಅವನದನ್ನು ಮಾತ್ರ ತಿರುಗಿಸಿ, ಮೇಲೊಂದು ದೀಪ ಬೇರೆ ಹಾಕಿದ್ದರು. ಅದನ್ನು ತಿರುಗಿಸಿಬಿಡಲು ಅವನು ಧಾವಿಸಿದ. ಅಕ್ಕ ಆಗಲೇ ಹತ್ತಿರ ಹೋಗಿದ್ದಳು. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕು ಸೊಟ್ಟಗಾದ ತಮ್ಮನ ಕಿರುಬೆರಳು ಅವಳಿಗೆ ತಿಳಿಯದೇ?

"ಓಡಿಸ್ತಿದ್ದದ್ದು ನೀನೇನೋ?"

ಅವನು ತಲೆ ತಗ್ಗಿಸಿದ.

"ಅವರೇ ನಿದ್ದೆಗಣ್ಣಲ್ಲಿ ಓಡಿಸಿ ನನ್ನ ಬಾಳು ಹಾಳುಮಾಡಿದ್ರು ಅಂತ ಇಷ್ಟು ದಿನ ಸತ್ತವರನ್ನ ಬೈದ್ಕೊಂಡಿದ್ದೆ ಕಣೋ," ಅಂದವಳು ತಿರುಗಿಯೂ ನೋಡದೆ ಹೊರಟಳು.

ಟೀಚರ್ ಓಡಿಬಂದಳು. "ಎಲ್ಲದಕ್ಕಿಂತ ಅದೇ ಚೆನ್ನಾಗಿತ್ತು... ತೋರಿಸೋ ಆಸೆ ಆಯ್ತು. ಅಕ್ಕನಿಗೆ ಗೊತ್ತಿರುತ್ತೆ ಅಂದ್ಕೊಂಡೆ."

"ಇಬ್ಬರೇ ನೋಡೋದು ಅಂದಿದ್ರಿ."

"ಅಂದಿದ್ದೆ." ಅವಳ ಕಣ್ಣು ತುಂಬಿತು.

ಅವನಿಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಆ ಕಣ್ಣೀರು ಒರೆಸಲು ಹಾಳು ಕೈ ಹಾತೊರೆಯುತ್ತಿತ್ತು. ಕೈಯನ್ನು ಜೇಬಿಗೆ ತುರುಕಿದ.

"ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳೋಕೆ ಬಂದಿದ್ದೆ ಇವತ್ತು."

"ಈಗ?"

"ಈಗಲೂ ಪ್ರೀತಿಸ್ತೀನಿ. ಅದಕ್ಕೇ ಹೊಟ್ಟೆ ಇಷ್ಟು ಉರೀತಿರೋದು."

"ನಾನೂ ಬರ್ತೀನಿ, ಅಕ್ಕನ ಹತ್ರ ಮಾತಾಡ್ತೀನಿ."

"ಬೇಡ. ಸುಳ್ಳು ಹೇಳಿದ್ದು ನಾನು."

"ಹಾಗಾದ್ರೆ ಕಾಯ್ಲಾ?"

"ಕಾಯಿರಿ ಅನ್ನೋಕೆ ಬಾಯಿ ಬರ್ತಿಲ್ಲ," ಅಂದ. "ಬೇಡ ಅನ್ನೋಕೂ ಬರ್ತಿಲ್ಲ."

ಅಷ್ಟು ಹೇಳಿ ಅಕ್ಕನ ಹಿಂದೆ ಬೀದಿಗೆ ಓಡಿದ.