ಕೋಪರಿ ಇಳಿಜಾರಿನ ಟೆಂಪೊ

೨೦೦೭ರ ಅಕ್ಟೋಬರ್ ೨೪, ಬುಧವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ಹೋಟೆಲ್ ಮಾಲೀಕ ಲೀಲಾಧರ ಶೆಟ್ಟಿ ಏದುಸಿರು ಬಿಡುತ್ತ ಠಾಣೆಗೆ ಬಂದರು. ಅವರ ಹಳೇ ತರಕಾರಿ ಟೆಂಪೊ ಕೋಪರಿ ಸೇತುವೆಯ ಇಳಿಜಾರಿನಲ್ಲಿ ಹೂ ಮಾರುವ ಕಾಳವ್ವನಿಗೆ ಗುದ್ದಿ ಆಕೆಯ ಕಾಲು ಮುರಿದಿತ್ತು. ಚಾಲಕ ಚನ್ನು ಅಡ್ಡಾದಿಡ್ಡಿ ಓಡಿಸಿದ್ದೇ ಕಾರಣವೆಂದು ಅವರು ದೂರು ಕೊಟ್ಟರು. ತನ್ನ ಆಳಿನ ಮೇಲೆ ತಾನೇ ದೂರು ಕೊಡಲು ಇಷ್ಟು ಅವಸರಪಟ್ಟ ಮಾಲೀಕನನ್ನು ಇನ್‌ಸ್ಪೆಕ್ಟರ್ ವೈಶಾಲಿ ಪಾಟೀಲ ಕಂಡಿರಲಿಲ್ಲ. ಆದರೂ ಎಫ್‌ಐಆರ್ ದಾಖಲಾಯಿತು, ಚನ್ನು ಲಾಕಪ್ಪಿಗೆ ಹೋದ.

ಚನ್ನು ವಿಜಾಪುರದ ಕಡೆಯವನು. ವೈಶಾಲಿಯ ತವರೂ ಅದೇ ಸೀಮೆ. ಹೊರರಾಜ್ಯದ ಆ ಠಾಣೆಯಲ್ಲೂ ಅವನನ್ನು ಕನ್ನಡದಲ್ಲೇ ಕೇಳಿದರು.

"ಬ್ರೇಕ್ ಒತ್ತಿದ್ಯೇನು?"

"ಒತ್ತೀನ್ರಿ ಮೇಡಂ. ಪೆಡಲ್ ತಳಕ್ಕ ಹೋತು, ಗಾಡಿ ನಿಲ್ಲಲಿಲ್ಲ."

"ಮೊದಲ ಏನೂ ಗೊತ್ತಾಗಲಿಲ್ಲ?"

"ಸೋಮವಾರದಿಂದ ಬ್ರೇಕ್ ಬಿಡ್ತಿರಲಿಲ್ರಿ, ಹಿಡಕೊಂಡ ಇರ್ತಿತ್ತು. ಗಾಲಿ ಕೆಂಡದಂಗ ಸುಡ್ತಿದ್ವು. ಶೇಟ್‌ಗೆ ಹೇಳಿದ್ರ, ಈಗ ಗ್ಯಾರೇಜಿಗೆ ಟೈಮಿಲ್ಲ, ಓಡ್ಸು ಅಂದ್ರು. ನನ್ನ ಲೈಸನ್ಸ್ ಹೋದ್ರ ಮನಿ ಮಂದಿ ಏನ ತಿನ್ನಬೇಕ್ರಿ?"

ಮಧ್ಯಾಹ್ನ ಮೂರಕ್ಕೆ ಇಬ್ಬರು ಪಂಚರ ಎದುರು ಟೆಂಪೊದ ಪಂಚನಾಮೆ. ಗ್ಯಾರೇಜಿನ ವಾಸು ಬಾನೆಟ್ ಎತ್ತಿದ. ಬ್ರೇಕ್ ಎಣ್ಣೆಯ ಡಬ್ಬ ಕಂಠಮಟ್ಟ ತುಂಬಿತ್ತು, ಪೈಪಿನಲ್ಲಿ ಎಲ್ಲೂ ಸೋರಿಕೆಯಿಲ್ಲ.

"ಎಣ್ಣೆ ಭರ್ತಿ ಇದೆ. ಚನ್ನು ಬಂಡಲ್ ಬಿಡ್ತಾ ಇದ್ದಾನೆ," ಎಂದ ಕಾನ್‌ಸ್ಟೇಬಲ್ ಶೇಖರ.

"ಚಕ್ರದ ಬ್ರೇಕ್ ಡ್ರಮ್ ಬಿಚ್ಚಲಿ," ಎಂದರು ವೈಶಾಲಿ.

ಡ್ರಮ್ ಕಾದು ನೀಲಿಗಟ್ಟಿತ್ತು. ಚಕ್ರದ ಸಿಲಿಂಡರಿನೊಳಗಿನ ರಬ್ಬರ್ ವಾಷರುಗಳು ನೆನೆಹಾಕಿದ ಕಡಲೆಯಂತೆ ಉಬ್ಬಿದ್ದವು. ವಾಸು ಡಬ್ಬದ ಎಣ್ಣೆಯನ್ನು ಎರಡು ಹನಿ ಗ್ಲಾಸಿನ ನೀರಿಗೆ ಬಿಟ್ಟ. ಅದು ಮೇಲೆ ತೇಲಿತು.

"ಬ್ರೇಕ್ ಆಯಿಲ್ ಆದ್ರೆ ನೀರಲ್ಲಿ ಬೆರೀತದೆ ಮೇಡಂ. ಯಾರೋ ಮಿಶನ್ ಎಣ್ಣೆ ಸುರಿದಿದ್ದಾರೆ. ಅದಕ್ಕೆ ರಬ್ಬರ್ ಉಬ್ಬಿ ಬ್ರೇಕ್ ಹಿಡಿದು ಕೂತದೆ. ಆ ಬಿಸಿಗೆ ಒಳಗಿನ ಎಣ್ಣೆ ಕುದಿದ್ರೆ ಪೆಡಲ್ ತಳಕ್ಕೆ ಹೋಗ್ತದೆ, ಬ್ರೇಕ್ ಹಿಡಿಯೋದೇ ಇಲ್ಲ."

ವೈಶಾಲಿ ಡಬ್ಬದ ಮುಚ್ಚಳ ತಿರುವಿ ನೋಡಿದರು. ಒಳಗಿನ ಸುತ್ತಿನಲ್ಲಿ ಕುಂಕುಮದ ಬೆರಳ ಗುರುತು. ಹಿಂದಿನ ಶನಿವಾರವಷ್ಟೇ ಆಯುಧ ಪೂಜೆಯಾಗಿತ್ತು. ತಮ್ಮ ತಾಯಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟೇ ಕುಂಕುಮ ಇಡುತ್ತಿದ್ದುದು ಅವರಿಗೆ ನೆನಪಾಯಿತು.

ಸಂಜೆ ಐದಕ್ಕೆ ಹೋಟೆಲಿಗೆ ಹೋದರು. ಹಿಟ್ಟಿನ ಗ್ರೈಂಡರಿನ ಮೇಲೆ ಅದೇ ಕುಂಕುಮ ಇನ್ನೂ ಇತ್ತು.

"ಇದಕ್ಕ ಹಾಕೋ ಎಣ್ಣಿ ಎಲ್ಲೈತ್ರಿ?"

"ಟೆಂಪೊಗೆ ನಾವೇನೂ ಹಾಕ್ಲಿಲ್ಲ ಮೇಡಂ," ಎಂದುಬಿಟ್ಟರು ಲೀಲಾಧರ.

ಟೆಂಪೊದ ಸುದ್ದಿಯನ್ನು ವೈಶಾಲಿ ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಹೋಟೆಲಿನ ಹಿಂದಿನ ಗಟಾರದಲ್ಲಿ ಎಸೆದಿದ್ದ ಮಿಶನ್ ಎಣ್ಣೆಯ ಡಬ್ಬಿ ಶೇಖರನಿಗೆ ಸಿಕ್ಕಿತು, ಅದನ್ನು ಒಳಗೆ ತಂದ.

ಅಷ್ಟರಲ್ಲಿ ಲೀಲಾಧರರ ಹೆಂಡತಿ ಜಯಲತಾ ಊಟದ ಕ್ಯಾರಿಯರ್ ಹಿಡಿದು ಅಡುಗೆಮನೆಯಿಂದ ಬಂದರು. ಆಸ್ಪತ್ರೆಯಲ್ಲಿದ್ದ ಕಾಳವ್ವನಿಗೆ ಗಂಜಿ ಒಯ್ಯುವವರಿದ್ದರು.

"ಆ ಎಣ್ಣೆಯಾ? ನಾನೇ ಹಾಕಿದ್ದು. ಪೂಜೆ ದಿನ ಗ್ರೈಂಡರಿಗೆ, ಶಟರಿಗೆ ಹಾಕಿದೆ. ಟೆಂಪೊದ ಡಬ್ಬ ನೋಡಿದ್ರೆ ಅರ್ಧ ಖಾಲಿ. ವರ್ಷಕ್ಕೊಮ್ಮೆ ಪೂಜೆ, ಪಾಪ, ಅದೂ ಹೊಟ್ಟೆ ತುಂಬಾ ಇರ್ಲಿ ಅಂತ ತುಂಬಿಸಿದೆ. ಯಾಕೆ?"

ಶೇಖರ ಕೈಯಲ್ಲಿದ್ದ ಡಬ್ಬಿಯನ್ನು ವೈಶಾಲಿಯ ಮುಂದಿಟ್ಟ. ಜಯಲತಾ ಗಂಡನ ಮುಖ ನೋಡಿದರು. ಮೆಲ್ಲನೆ ಕ್ಯಾರಿಯರ್ ಕೆಳಗಿಟ್ಟು ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಹದಗೆಟ್ಟ ಬ್ರೇಕಿನ ಗಾಡಿಯನ್ನು ತಿಳಿದೂ ಚಾಲಕನಿಂದ ಓಡಿಸಿದ್ದು, ಸುಳ್ಳು ದೂರು, ಸಾಕ್ಷ್ಯನಾಶ. ಏಳು ಗಂಟೆಗೆ ಲೀಲಾಧರರ ಬಂಧನವಾಯಿತು. ಜೀಪಿನಲ್ಲಿ ಅವರೇ ಬಾಯಿಬಿಟ್ಟರು.

"ಆಕ್ಸಿಡೆಂಟ್ ಆದ ಕೂಡ್ಲೆ ಬಾನೆಟ್ ಎತ್ತಿದೆ ಮೇಡಂ. ಗ್ರೈಂಡರ್ ಎಣ್ಣೆಯದ್ದೇ ವಾಸನೆ. ಆ ಡಬ್ಬಿ ಗಟಾರಕ್ಕೆ ಎಸೆದೆ. ಪೂಜೆ ಮಾಡಿದ ಕೈಯಿಂದ ಒಬ್ಬರ ಕಾಲು ಹೋಯ್ತು ಅಂತ ಗೊತ್ತಾದ್ರೆ ಅವಳು ತಡ್ಕೊಳ್ಳುವವಳಲ್ಲ."

"ಅದಕ್ಕ ಚನ್ನುನ ಕೈಗೆ ಕೋಳ ಹಾಕಿಸಿದ್ರಿ."

ಲೀಲಾಧರ ತಲೆ ತಗ್ಗಿಸಿದರು. ವೈಶಾಲಿಗೆ ಸಿಟ್ಟೂ ಬಂತು, ಕನಿಕರವೂ ಆಯಿತು.

ಚನ್ನುವನ್ನು ಬಿಟ್ಟಾಗ ಜಯಲತಾ ಠಾಣೆಯ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಅದೇ ಕ್ಯಾರಿಯರ್.

"ತಪ್ಪು ನನ್ನದು ಚನ್ನು. ಕಾಳವ್ವನಿಗೂ ನಾನೇ ಹೇಳ್ಬೇಕು. ನನ್ನ ಜೊತೆ ಆಸ್ಪತ್ರೆಗೆ ಬರ್ತೀಯಾ?"

ಚನ್ನು ಕ್ಯಾರಿಯರನ್ನು ತನ್ನ ಕೈಗೆ ತೆಗೆದುಕೊಂಡ. ಹೆಂಡತಿ ತಡೆದುಕೊಳ್ಳಲಾರಳೆಂದು ಅಷ್ಟೆಲ್ಲ ಮಾಡಿದ ಲೀಲಾಧರ ಲಾಕಪ್ಪಿನ ಒಳಗೆ ಕುಳಿತು ಆ ಮಾತು ಕೇಳಿಸಿಕೊಂಡರು.