ಶನಿವಾರದವರೆಗೆ ಮಾತಿಲ್ಲ

ಭಾನುವಾರ ಸಂಜೆ ಕಾಲೇಜಿನ ಲಾಂಡ್ರಿ ಕೋಣೆಯಲ್ಲಿ ಎಮೆಟ್ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾನು ಮಹಾ ಬಿಗುಮಾನದವಳಲ್ಲವೇ! ಟವೆಲ್ ಮಡಿಸುತ್ತಾ "ನಾಳೆ ಹೇಳ್ತೀನಿ" ಅಂದುಬಿಟ್ಟೆ.

ಅವನ ಮಾಮನದು ಅಲಾಸ್ಕಾದಲ್ಲಿ ಮೀನಿನ ದೋಣಿ. ಎರಡು ವರ್ಷಕ್ಕೆ ಒಬ್ಬ ಆಳು ಬೇಕಂತೆ.

"ಶುಕ್ರವಾರ ಮಧ್ಯಾಹ್ನದೊಳಗೆ ಮಾಮನಿಗೆ ಫೋನ್ ಮಾಡ್ಬೇಕು ಕೊರಾ. ನೀನು ಇರು ಅಂದ್ರೆ ಇರ್ತೀನಿ. ಇಲ್ಲಾಂದ್ರೆ ಈ ಟೆಕ್ಸಾಸ್ ಧೂಳಲ್ಲಿ ನಂಗೇನಿದೆ ಹೇಳು?" ಅಂದಿದ್ದ.

ಸೋಮವಾರ ಬೆಳಗ್ಗೆ ಆರಕ್ಕೇ ಡೇಲಿಯಾ ಕ್ಲಬ್ಬಿನ ಸೀನಿಯರ್‌ಗಳು ಹಾಸ್ಟೆಲ್ ಬಾಗಿಲು ಬಡಿದರು. ನನ್ನನ್ನೂ ಸೇರಿಸಿ ಕ್ಲಬ್ಬಿಗೆ ಹೊಸದಾಗಿ ಸೇರುವ ಹನ್ನೊಂದು ಹುಡುಗಿಯರಿಗೂ ಹಸಿರು ಟೋಪಿ ತೊಡಿಸಿ ನಿಯಮ ಓದಿದರು. ಶನಿವಾರ ಪ್ರತಿಜ್ಞೆ ಆಗುವವರೆಗೆ ಯಾವ ಹುಡುಗನ ಜೊತೆಗೂ ಮಾತಿಲ್ಲ. ಚೀಟಿ ಇಲ್ಲ, ಕೈಸನ್ನೆ ಇಲ್ಲ, ತಲೆ ಆಡಿಸುವಂತೆಯೂ ಇಲ್ಲ. ಒಬ್ಬಳು ತಪ್ಪಿದರೂ ಹನ್ನೊಂದು ಜನರಿಗೂ ಮುಂದಿನ ಸೋಮವಾರದಿಂದ ಮತ್ತೆ ಅದೇ ವಾರ.

ಅಯ್ಯೋ ದೇವರೇ! ಇಂಥದ್ದೊಂದು ನಿಯಮ ಇದೆ ಅಂತ ಇಡೀ ಕಾಲೇಜಿಗೇ ಗೊತ್ತು. ಯಾವ ದಿನದಿಂದ ಶುರು ಅಂತ ಮಾತ್ರ ನಾನು ಯಾರನ್ನೂ ಕೇಳಿರಲಿಲ್ಲ.

ಎಮೆಟ್ ಊಟದ ಹಾಲ್‌ನಲ್ಲಿ ಬಡಿಸುವ ಕೆಲಸ ಮಾಡುತ್ತಿದ್ದ. ತಟ್ಟೆ ಹಿಡಿದು ಅವನೆದುರು ನಿಂತಾಗ ನನ್ನ ಟೋಪಿ ನೋಡಿದ. ಮೊದಲು ಹುಬ್ಬು ಮೇಲೆ ಹೋಯಿತು, ಆಮೇಲೆ ತುಟಿಯ ಒಂದು ಮೂಲೆ.

"ಓಹೋ, ಬಾಯಿಗೆ ಬೀಗ ಬಿತ್ತಾ? ಪ್ಯಾನ್‌ಕೇಕ್ ಎಷ್ಟು ಬೇಕು? ಬಾಯಿಬಿಟ್ಟು ಹೇಳಿದ್ರೆ ನಾಲ್ಕು."

ನಾನು ತಟ್ಟೆಯನ್ನೇ ನೋಡುತ್ತಾ ನಿಂತೆ. ಅವನು ಐದು ಹಾಕಿದ.

ಮಂಗಳವಾರವೂ ಅದೇ ಕೀಟಲೆ. "ನಾಳೆ ಹೇಳ್ತೀನಿ ಅಂದೋಳು ಯಾರೋ ಇದ್ಲಪ್ಪ, ಎಲ್ಲಾದ್ರೂ ನೋಡಿದ್ರಾ?" ಅಂತ ನನ್ನ ಹಿಂದೆ ನಿಂತಿದ್ದ ರೂಮ್‌ಮೇಟ್ ಟ್ರೂಡಿಯನ್ನು ಕೇಳಿದ. ಅವಳ ತಲೆಯ ಮೇಲೂ ಹಸಿರು ಟೋಪಿ. ನಗು ತಡೆಯಲಾರದೆ ಕೆಮ್ಮಿದಳು ಪಾಪ.

ಕ್ಲಬ್ ಮನೆಯ ಮೆಟ್ಟಿಲುಗಳನ್ನು ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುವುದು ನಮ್ಮ ಕೆಲಸ. ತಿಕ್ಕುತ್ತಿದ್ದರೆ ಎದುರಿನ ಹಾದಿಯಲ್ಲಿ ಎಮೆಟ್ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಸವಾರಿ ಮಾಡಬಹುದಿತ್ತು, ಮಾಡುತ್ತಿರಲಿಲ್ಲ. ಮಡಚಿದ ಅಂಗಿ ತೋಳು, ಬಿಸಿಲಿಗೆ ಕೆಂಪಾದ ಕತ್ತು, ಹಣೆಗೆ ಬೀಳುವ ಕೂದಲು, ಒಂದನ್ನೂ ಬಿಡದೆ ನೋಡುತ್ತಿದ್ದೆ. ಅವನನ್ನು ಇಷ್ಟು ಆಸೆಯಿಂದ ನಾನು ಹಿಂದೆ ಎಂದೂ ನೋಡಿರಲಿಲ್ಲ. ಮಾತಾಡಬಹುದಾದ ದಿನಗಳನ್ನೆಲ್ಲ ಸುಮ್ಮನೆ ಕಳೆದುಬಿಟ್ಟಿದ್ದೆನಲ್ಲ!

ಬುಧವಾರ ಕ್ಲಬ್ಬಿನ ಅಧ್ಯಕ್ಷೆ ಮಿಸ್ ಪಾಲೆಟ್ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. "ಒಂದೇ ಒಂದು ಮಾತು, ಮಿಸ್ ಪಾಲೆಟ್. ದಯವಿಟ್ಟು."

"ಒಂದು ಮಾತು ತಡ್ಕೊಳ್ಳೋಕೆ ಆಗದೋಳು ನಾಳೆ ಕ್ಲಬ್ ಗುಟ್ಟು ಬಿಟ್ಟುಕೊಡಲ್ಲ ಅಂತ ಏನು ಗ್ಯಾರಂಟಿ? ಬೇಕಾದ್ರೆ ನಾನೇ ಅವನಿಗೆ ಹೇಳ್ತೀನಿ, ಏನು ಹೇಳ್ಲಿ?"

ಬೇಡ ಅಂದೆ. ಇನ್ನೊಬ್ಬರ ಬಾಯಲ್ಲಿ ಹೇಳಿಸುವ ಮಾತಾ ಅದು? ನೋಡಿ, ಆಗಲೂ ನನ್ನ ಬಿಗುಮಾನ ಇಳಿದಿರಲಿಲ್ಲ.

ಟೋಪಿ ಕಿತ್ತೆಸೆಯೋಣ ಅನ್ನಿಸುತ್ತಿತ್ತು. ಆದರೆ ವಾರದ ನಡುವೆ ಕ್ಲಬ್ ಬಿಟ್ಟರೂ ತಪ್ಪಿದ ಲೆಕ್ಕವೇ, ಟ್ರೂಡಿಗೂ ಶಿಕ್ಷೆ. ಅವಳ ಅಜ್ಜಿಯೂ ಡೇಲಿಯಾ ಕ್ಲಬ್ಬಿನವಳು, ಅಮ್ಮನೂ. ತಿಕ್ಕಿ ತಿಕ್ಕಿ ಮಂಡಿಯ ಚರ್ಮ ಸುಲಿದಿದ್ದರೂ ತುಟಿಪಿಟಕ್ ಅಂದಿರಲಿಲ್ಲ ಹುಡುಗಿ.

ಗುರುವಾರ ಎಮೆಟ್ ಕೀಟಲೆ ಮಾಡಲಿಲ್ಲ. ಆಲೂಗಡ್ಡೆ ಬಡಿಸಿ, ಮೆಲ್ಲಗೆ, "ನಿಮ್ಮ ನಿಯಮ ನಂಗೊತ್ತು ಕಣೇ. ಆದ್ರೆ ಭಾನುವಾರ ಯಾವ ನಿಯಮಾನೂ ಇರ್ಲಿಲ್ಲ, ಅಲ್ವಾ?" ಅಂದ.

ಹೌದು, ಭಾನುವಾರ ನನ್ನ ಬಾಯಿಗೆ ಯಾರೂ ಬೀಗ ಹಾಕಿರಲಿಲ್ಲ. ನನಗೆ ಮನಸ್ಸಿಲ್ಲ ಅಂತಲೇ ಅವನು ತಿಳಿದುಕೊಂಡಿದ್ದ.

ಶುಕ್ರವಾರ ಮಧ್ಯಾಹ್ನ ಅವನು ನನ್ನ ತಟ್ಟೆಗೆ ಕಾರ್ನ್‌ಬ್ರೆಡ್ ಇಟ್ಟು, ಗೋಡೆ ಗಡಿಯಾರ ನೋಡಿ ಏಪ್ರನ್ ಬಿಚ್ಚಿದ.

"ಸರಿ ಕೊರಾ. ಫೋನ್ ಮಾಡೋಕೆ ಹೋಗ್ತಿದೀನಿ. ನಿನ್ನ ಮೇಲೆ ಬೇಜಾರಿಲ್ಲ. ಚೆನ್ನಾಗಿರು."

ಅವನು ಬಾಗಿಲಿನವರೆಗೆ ಹೋದ. ನಾನು ಟ್ರೂಡಿಯ ಕಡೆ ನೋಡಿದೆ, ಅವಳ ಮಂಡಿಯ ಪಟ್ಟಿ ನೋಡಿದೆ. ನಾನು ಮಾಡಲಿರುವುದು ಅನ್ಯಾಯ ಅಂತ ಚೆನ್ನಾಗಿ ಗೊತ್ತಿತ್ತು.

"ಎಮೆಟ್! ಹೋಗ್ಬೇಡ ಕಣೋ! ಇರು!"

ಅವನು ಬಾಗಿಲಲ್ಲೇ ನಿಂತು ತಿರುಗಿದ. ಮಿಸ್ ಪಾಲೆಟ್ ಎದ್ದು ನಿಂತಳು.

"ಸೋಮವಾರದಿಂದ ಮತ್ತೆ ಶುರು."

"ನಂಗೊಬ್ಬಳಿಗೇ ಶಿಕ್ಷೆ ಕೊಡಿ. ಅವರದೇನೂ ತಪ್ಪಿಲ್ಲ."

"ಹನ್ನೊಂದು ಜನಕ್ಕೂ."

ಸಾಲಿನ ಕೊನೆಯಲ್ಲಿ ಯಾರೋ ಬಿಕ್ಕಿ ಅಳತೊಡಗಿದಳು. ನನಗೆ ತಿರುಗಿ ನೋಡಲು ಮುಖವಿರಲಿಲ್ಲ. ಟ್ರೂಡಿ ಕುಂಟುತ್ತಾ ಬಂದು ನನ್ನೆದುರು ನಿಂತಳು. ಕೆನ್ನೆಗೆ ಬಾರಿಸುತ್ತಾಳೆ ಅಂದುಕೊಂಡೆ. ಬಾರಿಸಿದ್ದರೂ ಸರಿಯೇ.

"ಇಷ್ಟೇನಾ?" ಅಂದಳು.

"ಏನು?"

"ಇಷ್ಟು ಮಾತಿಗೆ ನಮ್ಮ ವಾರ ಪೂರ್ತಿ ಹಾಳು ಮಾಡಿದ್ಯಾ? ಹೇಗಿದ್ರೂ ಇನ್ನೊಂದ್ಸಲ ಮೆಟ್ಟಿಲು ತಿಕ್ಕೋದು ತಪ್ಪಲ್ಲ. ಮನಸ್ಸಲ್ಲಿರೋದನ್ನೆಲ್ಲ ಹೇಳಿ ಮುಗಿಸೇ ಮಾರಾಯ್ತಿ!"

ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. ಆದರೂ ನನ್ನನ್ನು ಬಾಗಿಲಿನ ಕಡೆಗೆ ದೂಡಿದಳು.

"ನೀನಂದ್ರೆ ನಂಗಿಷ್ಟ" ಅಂದೆ, ಮುನ್ನೂರು ಜನರ ಎದುರು. "ಭಾನುವಾರಾನೇ ಹೇಳ್ಬೇಕಿತ್ತು. ಬರೀ ಜಂಬ ನಂಗೆ. ಅಲಾಸ್ಕಾಗೆ ಬೇರೆ ಯಾರಾದ್ರೂ ಹೋಗ್ಲಿ."

ಎಮೆಟ್ ಏಪ್ರನ್‌ನಿಂದ ಮುಖ ಒರೆಸಿಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ.

"ಮಾಮನಿಗೆ ಆಗಲ್ಲ ಅಂತ ಹೇಳಿ ಬಂದ್ಬಿಡ್ತೀನಿ. ಅಲ್ಲೀವರೆಗೆ ಇಲ್ಲೇ ಇರ್ತೀಯಾ?"

"ಇರ್ತೀನಿ. ಬೇಗ ಬಾ" ಅಂದೆ. ಬಾಯಿಗೆ ಮತ್ತೆ ಬೀಗ ಬೀಳಲು ಎರಡೂವರೆ ದಿನ ಮಾತ್ರ ಉಳಿದಿತ್ತು.